ಚಿಕ್ಕಮಾರಯ್ಯ ಕೂಗಿದಾಗ ಮುಚ್ಚಿದ್ದ ಬಾಗಿಲು

ನಾನು ಗಂಗರತ್ನಮ್ಮ, ಕೋಂ ರಾಮಕೃಷ್ಣಪ್ಪ, 36 ವರ್ಷ, ಮಾಧ್ಯಮಿಕ ಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯಿನಿ, ವಾಸ ರೈಲ್ವೆ ಗೇಟಿನ ಹತ್ತಿರ, ಯಶವಂತಪುರ. ಈ ಮೂಲಕ ತಿಳಿಸುವುದೇನೆಂದರೆ:

ಧಾನ್ಯದ ಗೋಡೌನಿನ ಕಾವಲುಗಾರ ದಸ್ತಗೀರ್ ಎರಡು ತಿಂಗಳಿಂದ ಸಂಜೆ ನಮ್ಮ ಮನೆಗೆ ಬಂದು ಇಂಗ್ಲಿಷ್ ಕಲಿಯುತ್ತಿದ್ದಾರೆ. ಅಲ್ಲಿನ ಮ್ಯಾನೇಜರು ಕೊಚ್ಚಿ ಕಡೆಯವರು. ಅವರಿಗೆ ಕನ್ನಡವಾಗಲಿ ಉರ್ದುವಾಗಲಿ ಬಾರದು. ಅವರೊಡನೆ ನೇರವಾಗಿ ಮಾತಾಡಬೇಕೆಂಬುದು ದಸ್ತಗೀರರ ಆಸೆ.

ಈ ದಿನ ಬೆಳಿಗ್ಗೆ ಹತ್ತೂವರೆಗೆ ದಸ್ತಗೀರರ ಹೆಂಡತಿ ಅಕ್ಬರಿ ಚಪ್ಪಲಿಯಿಲ್ಲದೆ ಶಾಲೆಗೆ ಬಂದರು. ಗೋಡೌನಿನಲ್ಲಿ ಹುಳು ಸಾಯಿಸುವ ವಿಷದ ಹೊಗೆ ಬಿಟ್ಟು ಬಾಗಿಲು ಹಾಕಿದಾಗ ಹಮಾಲಿ ಚಿಕ್ಕಮಾರಯ್ಯ ಒಳಗೇ ಉಳಿದುಬಿಟ್ಟರೆಂದೂ, ಈಗ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾರೆಂದೂ, ತನ್ನ ಗಂಡನನ್ನು ಪೊಲೀಸರು ಕರೆದೊಯ್ದರೆಂದೂ ತಿಳಿಸಿದರು. ನಾನು ತರಗತಿಯನ್ನು ಅರ್ಧಕ್ಕೆ ಬಿಟ್ಟು ಅವರೊಡನೆ ಠಾಣೆಗೆ ಬಂದೆ.

ದಸ್ತಗೀರ್ ತಪ್ಪೊಪ್ಪಿಕೊಂಡಿದ್ದಾರೆಂದು ಮ್ಯಾನೇಜರು ಸಬ್ ಇನ್ಸ್‌ಪೆಕ್ಟರಿಗೆ ಹೇಳುತ್ತಿದ್ದರು. ದಸ್ತಗೀರ್ ಆಡಿದ ಮಾತು ಯಾವುದೆಂದು ಕೇಳಿದೆ. "ಐ ಕ್ಲೋಸ್ಡ್ ದಿ ಡೋರ್ ವೆನ್ ಹಿ ಶೌಟೆಡ್" ಎಂದರು. ಹಾಗೆಂದರೆ ಚಿಕ್ಕಮಾರಯ್ಯ ಕೂಗಿದರು, ಆ ಕೂಗು ಕೇಳಿ ಬಾಗಿಲು ಮುಚ್ಚಿದೆ ಎಂದಾಗುತ್ತದೆ. ಅಕ್ಬರಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಆಕೆಗೆ ಅರ್ಥ ಹೇಳಲಿಲ್ಲ.

ದಸ್ತಗೀರರಿಗೆ ಕನ್ನಡದಲ್ಲಿ ಹೇಳಲು ಕೇಳಿದೆ. ಅವರ ಕಣ್ಣು ಊದಿತ್ತು, ಕೆಮ್ಮು ಬಿಡುತ್ತಿರಲಿಲ್ಲ. "ಅವನು ಕೂಗ್ದಾಗ ಬಾಗ್ಲು ಮುಚ್ಚಿದ್ದೆ ಟೀಚರಮ್ಮ. ಬೀಗಾನೂ ಹಾಕ್ಬಿಟ್ಟಿದ್ದೆ. ಕೂಗು ಕೇಳ್ತು, ತೆಗ್ದು ಒಳಕ್ಕೆ ಹೋದೆ" ಎಂದರು.

ಮುಚ್ಚಿದೆ ಎಂದರೆ ಕೂಗು ಮುಂಚೆ, ಬಾಗಿಲು ಆಮೇಲೆ. ಮುಚ್ಚಿದ್ದೆ ಎಂದರೆ ಬಾಗಿಲು ಮುಂಚೆ. ಇಂಗ್ಲಿಷಿನಲ್ಲಿ ಅದಕ್ಕೆ "ಹ್ಯಾಡ್ ಕ್ಲೋಸ್ಡ್" ಎನ್ನಬೇಕು. ಆ ಪಾಠ ಇನ್ನೂ ಆಗಿಲ್ಲ. ದಸ್ತಗೀರರಿಗೆ ಬರುವುದು ಒಂದೇ ಭೂತಕಾಲ. ಇದನ್ನು ಸಬ್ ಇನ್ಸ್‌ಪೆಕ್ಟರಿಗೂ ಮ್ಯಾನೇಜರಿಗೂ ಹೇಳಿದೆ. ಒಂದು ಜೀವದ ಪ್ರಶ್ನೆಯಲ್ಲಿ ವ್ಯಾಕರಣ ತರಬಾರದೆಂದು ಮ್ಯಾನೇಜರು ಹೇಳಿದರು. ಇಲ್ಲಿರುವುದು ಎರಡು ಜೀವ ಎಂದೆ.

ಅಷ್ಟರಲ್ಲಿ ಚಿಕ್ಕಮಾರಯ್ಯನವರ ಹೆಂಡತಿ ಮುನಿಶಾಮಮ್ಮ ಹಮಾಲಿಗಳೊಡನೆ ಬಂದು, ದಸ್ತಗೀರರನ್ನು ಹೊರಗೆ ಕಳಿಸಬೇಕೆಂದರು. ಹಮಾಲಿಗಳ ಕೈಯಲ್ಲಿ ಮೂಟೆ ಎಳೆಯುವ ಕೊಕ್ಕೆಗಳಿದ್ದವು. ನಾನು ಬಾಗಿಲಿಗೆ ಅಡ್ಡ ನಿಂತು ಮೊದಲಿಂದ ವಿವರಿಸತೊಡಗಿದೆ. ಆಕೆ ತಡೆದು, "ನಿಮ್ ಇಂಗ್ಲೀಸು ನಂಗ್ಯಾಕಮ್ಮ? ಬಾಗ್ಲು ತೆಗ್ದೋರ್ಯಾರು, ಅದೇಳಿ" ಎಂದರು. ದಸ್ತಗೀರ್ ಎಂದೆ. ಬೀಗದ ಕೈ ಇದ್ದದ್ದು ಆತನೊಬ್ಬನ ಬಳಿ ಎಂದು ಸಬ್ ಇನ್ಸ್‌ಪೆಕ್ಟರೂ ಹೇಳಿದರು. ಮುನಿಶಾಮಮ್ಮ ಹಮಾಲಿಗಳನ್ನು ದೂರ ನಿಲ್ಲಲು ಹೇಳಿ ಮೆಟ್ಟಿಲ ಮೇಲೆ ಕುಳಿತರು.

ಸಂಜೆ ನಾಲ್ಕಕ್ಕೆ ಜೀಪಿನಲ್ಲಿ ಆಸ್ಪತ್ರೆಯಿಂದ ಕಾನ್‌ಸ್ಟೇಬಲ್ ಬಂದರು. ಚಿಕ್ಕಮಾರಯ್ಯನವರಿಗೆ ಎಚ್ಚರವಾಯಿತೆಂದೂ, ಅವರು ಮೊದಲು ಕೇಳಿದ್ದು "ದಸ್ತಗೀರು ಉಳ್ಕಂಡ್ನಾ? ನನ್ನ ಎಳ್ಕಂಡ್ ಬರೋವಾಗ ಬಿದ್ಬುಟ್ಟ" ಎಂದೂ ತಿಳಿಸಿದರು. ಸಬ್ ಇನ್ಸ್‌ಪೆಕ್ಟರು ದಸ್ತಗೀರರನ್ನು ಅದೇ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದರು. ಅಕ್ಬರಿಯೂ ಮುನಿಶಾಮಮ್ಮನೂ ಜೊತೆಗೆ ಹತ್ತಿದರು. ಮ್ಯಾನೇಜರು ದಾರಿ ಬಿಟ್ಟು ನಿಂತರು.

ನಾನು ನುಡಿದದ್ದನ್ನು ಬರೆದು ನನಗೆ ಓದಿ ಹೇಳಿದ್ದಾರೆ. ಒಂದು ಕ್ರಿಯಾಪದವೂ ತಪ್ಪಿಲ್ಲ, ಎಲ್ಲವೂ ನಿಜ.

ಸ್ಥಳ: ಯಶವಂತಪುರ
ದಿನಾಂಕ: 18-7-1961
ಸಹಿ: ಗಂಗರತ್ನಮ್ಮ