ಜಿಂಕೆ ಅಂದಿದ್ದು ನೀನೇ

ಅಯ್ಯೋ, ಅಳಬೇಡ ಕಣೋ ಪ್ರಶಾಂತ್, ಅಳೋಕೆ ಇದು ಹೊತ್ತಲ್ಲ! ಆಪರೇಷನ್ ಇನ್ನೂ ನಡೀತಾ ಇದೆ. ವಿನ್ಸೆಂಟ್ ಉಳ್ಕೋತಾನೆ. ಮಂಗಳೂರಿನವನು, ಗಟ್ಟಿ ಆಸಾಮಿ... ಮೊದಲು ಆ ಕಾರಿನ ಗಾಜು ಏರಿಸು. ಪರದೇಶ ಆದ್ರೇನು, ಪಾರ್ಕ್‌ಲ್ಯಾಂಡ್ಸ್ ಆಸ್ಪತ್ರೆ ಅಂದ್ರೆ ಮೆಟ್ಟಿಲಿಗೊಬ್ಬ ನಮ್ಮ ಕನ್ನಡದೋನು, ಯಾರ ಕಿವಿಗೆ ಏನು ಬೀಳುತ್ತೋ! ಅವನ ಹೆಂಡತಿ ಸುಶೀಲಾ ಮೇಲೆ ಕೂತಿದ್ದಾರೆ. ಈಗ ಕೆಳಗೆ ಬರ್ತಾರೆ. ನನ್ನ ಗಂಡನಿಗೆ ಗುಂಡು ಹೇಗೆ ಬಿತ್ತು ಅಂತ ಕೇಳೇ ಕೇಳ್ತಾರೆ. ಅವರ ಹಿಂದೇನೇ ಪೊಲೀಸ್. ಅಷ್ಟರೊಳಗೆ ನಿನ್ನ ಮಾತು ನನ್ನ ಮಾತು ಒಂದಾಗ್ಬೇಕು. ಆಯ್ತಾ?

ತಲೆಯಾದ್ರೂ ಆಡಿಸು ಮಾರಾಯ!

ಇನ್ನೊಂದ್ಸಲ ಕೇಳಿಸ್ಕೋ. "ನಾನು ಬೇಟೆಗೆ ಹೊಸಬ. ಬೈನಾಕ್ಯುಲರ್ ನನ್ನ ಕೈಯಲ್ಲಿತ್ತು. ಎದುರು ಗುಡ್ಡದಲ್ಲಿ ಏನೋ ಅಲ್ಲಾಡ್ತು. ಸಾರ್, ಜಿಂಕೆ, ಹೊಡೀರಿ ಅಂದೆ. ಸಾರ್ ಹೊಡೆದ್ರು." ಮುಗೀತು. ಬ್ಯಾಂಕಲ್ಲಿ ಅಷ್ಟು ದೊಡ್ಡ ಪ್ರೆಸೆಂಟೇಷನ್ ಮಾಡ್ತೀಯಾ, ಇಷ್ಟು ಹೇಳೋಕಾಗಲ್ವಾ?

ಏನು... ನಗ್ತಾ ಇದ್ದೀಯಾ? ಇದರಲ್ಲಿ ನಗೋದೇನಿದೆಯೋ? ಅಲ್ಲಿ ಒಬ್ಬ ಸಾಯ್ತಾ... ಛೆ, ನನ್ನ ಬಾಯಿಗಿಷ್ಟು. ನೀರು ಕುಡಿ. ಆ ಬೈನಾಕ್ಯುಲರ್ ಕುತ್ತಿಗೆಯಿಂದ ತೆಗಿ ಅಂತ ಆಗ್ಲಿಂದ ಹೇಳ್ತಿದ್ದೀನಿ. ಗೇಟು ಕಾಯೋ ಅಸ್ಕಾರಿ ಕಾರಿನ ಕೆಳಗೆ ಕನ್ನಡಿ ಹಿಡಿಯೋದು ಬಿಟ್ಟು ಅದನ್ನೇ ನೋಡ್ತಿದ್ದ. ಇರಲಿ ಬಿಡು, ಇರಲಿ. ಅದು ನಿನ್ನ ಕುತ್ತಿಗೇಲಿದ್ರೇನೇ ಒಳ್ಳೇದು.

ನಿನಗೆ ಕಲಿಸೋದ್ರಲ್ಲಿ ನಾನೇನಾದ್ರೂ ಕಡಿಮೆ ಮಾಡಿದ್ನೇನೋ? ಮೊಣಕೈ ಮಂಡಿ ಮೇಲಿಡು ಅಂದೆ. ಸೂರ್ಯ ಬೆನ್ನಿಗಿರಲಿ ಅಂದೆ. ಆ ಒಣಗುಡ್ಡದಲ್ಲಿ ಕಲ್ಲೂ ಕಂದು, ಮುಳ್ಳುಪೊದೇನೂ ಕಂದು, ಜಿಂಕೇನೂ ಕಂದು. ಇಡೀ ಜಿಂಕೆ ಹುಡುಕಿದ್ರೆ ಜನ್ಮದಲ್ಲಿ ಸಿಗಲ್ಲ. ಕಿವಿ ಹುಡುಕು, ಬೆನ್ನಿನ ಗೆರೆ ಹುಡುಕು, ಅಮ್ಮ ಮೊರದಲ್ಲಿ ಅಕ್ಕಿ ಆರಿಸ್ತಾರಲ್ಲ, ಹಾಗೆ ಒಂದೊಂದೇ ಪಟ್ಟಿ ನೋಡ್ಕೊಂಡು ಹೋಗು ಅಂದೆ. ಕಲಿತೆ ನೀನು, ಬೇಗ ಕಲಿತೆ! ಮೂರು ಸಲ ನನಗಿಂತ ಮೊದಲು ಕಂಡಿದ್ದು ನಿನಗೇ. ವಿನ್ಸೆಂಟ್ ಬೆನ್ನು ತಟ್ಟಿ, "ದ್ವಾರಕಾನಾಥ್, ನಿನ್ನ ಕಣ್ಣು ಹೋಯ್ತು, ಇನ್ಮೇಲೆ ಈ ಹುಡುಗನ್ನ ಕೇಳ್ಕೊಂಡು ಹೊಡಿ" ಅಂತ ಹಲ್ಲು ಕಿರಿದ. ಆಮೇಲೆ ತಾನೇ, ಗುಡ್ಡದ ಹಿಂದಿನಿಂದ ಹೋಗಿ ಜಿಂಕೆ ಎಬ್ಬಿಸ್ತೀನಿ ಅಂತ ಹೊರಟ. ಅಲ್ಲೇ ಬಂಡೆ ಹಿಂದೆ ಇರು, ಈ ಕಡೆ ಮುಖ ಹಾಕ್ಬೇಡ ಅಂತ ನಾನು ಹೇಳಿರಲಿಲ್ವಾ? ಹೇಳಿದ್ದೆ. ಅವನ ಗ್ರಹಚಾರ.

ನೋಡು, ಈ ದೇಶದಲ್ಲಿ ಬೇಟೆ ಬ್ಯಾನ್. ಗುಂಡು ಹೊಡೆದವನು ನಾನು. ಸರಿಯಾಗಿ ನೋಡ್ದೆ ಹೊಡೆದ ಅಂತಾದ್ರೆ ಈ ವಯಸ್ಸಿಗೆ ಜೈಲು. ಇಲ್ಲಿನ ಜೈಲು ಕಣೋ! ಅದೇ ಹೊಸಬ ತಪ್ಪು ಹೇಳಿದ, ನಂಬಿ ಹೊಡೆದೆ ಅಂತಾದ್ರೆ, ಆಕ್ಸಿಡೆಂಟು. ನಿನ್ನನ್ನೇನು ಮಾಡ್ತಾರೆ? ಹೆಚ್ಚಂದ್ರೆ ಊರಿಗೆ ಕಳಿಸ್ತಾರೆ. ನಿಮ್ಮ ಹೆಡ್ ಆಫೀಸಲ್ಲಿ ಶ್ರೀನಿವಾಸ್ ನನ್ನ ಕ್ಲಾಸ್‌ಮೇಟು. ಒಂದು ಫೋನು. ಬೆಂಗಳೂರಲ್ಲಿ ಇದಕ್ಕಿಂತ ಒಳ್ಳೆ ಕುರ್ಚಿ. ಕನ್ನಡ ಸಂಘದ ವಾಟ್ಸಾಪ್ ಗ್ರೂಪಲ್ಲಿ ಒಂದು ವಾರ ಮಾತಾಡ್ತಾರೆ, ಆಮೇಲೆ ಗಣೇಶನ ಹಬ್ಬದ ಊಟಕ್ಕೆ ಯಾರ ಪುಳಿಯೋಗರೆ ಅಂತ ಜಗಳ ಶುರು ಆಗುತ್ತೆ. ಈ ಊರಿಗೆ ಬಂದಾಗ ಎರಡು ತಿಂಗಳು ಯಾರ ಮನೇಲಿ ಉಂಡೆ ನೀನು? ಉಂಡ ಮನೆಗೆ ಎರಡು ಬಗೀಬಾರದು ಪ್ರಶಾಂತ್.

ಯಾಕೋ ಹಾಗೆ ನೋಡ್ತೀಯಾ?

ಸರಿ. ಸರಿ! ಹೊಡೀರಿ ಅಂತ ನೀನು ಅನ್ನಲಿಲ್ಲ. ಒಪ್ಪಿದೆ. ಜಿಂಕೆ ಅಂತ ಮಾತ್ರ ಅಂದೆ.

...ಅದೂ ಇಲ್ವಾ? ಏನೋ ಅಲ್ಲಾಡ್ತು ಅಂದೆ ತಾನೇ? ಅಷ್ಟಂತೂ ಅಂದೆ! ನನ್ನ ಕಿವಿಯಾರೆ ಕೇಳಿದ್ದೀನಿ. ಅಲ್ಲಾಡಿದ್ದು ಕಿವಿ ಥರಾನೇ ಇತ್ತು. ಕಿವಿ ಮುಚ್ಚೋ ಟೋಪಿ ಹಾಕ್ಕೊಂಡು ಬೇಟೆಗೆ ಬರೋನಿಗೆ ಏನು ಹೇಳ್ಬೇಕು? ಅದರ ಪಟ್ಟಿ ಗಾಳಿಗೆ ಪಟಪಟ ಅಂತ... ದೂರಕ್ಕೆ ಯಾರಿಗೇ ಆಗಲಿ ಜಿಂಕೆ ಕಿವೀನೇ.

ದಾರಿ ವಿಷಯಾನೂ ಹೇಳಿಬಿಡ್ತೀನಿ. ರೈಫಲ್ ಬಚ್ಚಿಡೋಕೆ ದಾರೀಲಿ ಕಾರು ನಿಲ್ಲಿಸಿದ್ವಲ್ಲ, ಆ ಮಾತು ಎತ್ತಬೇಡ. ರೊಂಗಾಯ್ ಪೇಟೆ ಹತ್ರ ಮಟಾಟು ವ್ಯಾನುಗಳ ಜಾಮು, ಅದಕ್ಕೇ ತಡ ಆಯ್ತು ಅಂತ ಹೇಳು. ಜಾಮ್ ಇದ್ದಿದ್ದೂ ನಿಜ ತಾನೇ! ಹಿಂದಿನ ಸೀಟಲ್ಲಿ ವಿನ್ಸೆಂಟ್ ನಿನ್ನ ಕೈ ಹಿಡ್ಕೊಂಡು ಏನೋ ಹೇಳ್ತಿದ್ದ. ಏನಂದ? ಕೊಂಕಣಿಯಲ್ಲಂದ್ನಾ, ಕನ್ನಡದಲ್ಲಾ? ನನ್ನ ಹೆಸರು ಏನಾದ್ರೂ... ಹೇಳೋ! ಕೇಳ್ತಾ ಇದ್ದೀನಲ್ಲ!

ಬಾಯಲ್ಲಿ ಕಡುಬು ತುರುಕ್ಕೊಂಡಿದ್ದೀಯೇನೋ? ಬೈಯಾದ್ರೂ ಬೈಯಿ! ಈ ಸುಮ್ಮನಿರೋದು ಬೇಡ. ಗುಡ್ಡದಲ್ಲಿ ಆಗೊಂದು ಮಾತಾಡಿದವನು ಮತ್ತೆ ಬಾಯಿ ಬಿಟ್ಟಿಲ್ಲ ನೀನು.

ಹೌದು, ಕೇಳಿಸ್ತು! "ಸಾರ್, ಬೇಡ, ವಿನ್ಸೆಂಟ್ ಅಂಕಲ್ ಟೋಪಿ" ಅಂದೆ. ಕೇಳಿಸ್ತು ಮಾರಾಯ, ಪಕ್ಕದಲ್ಲೇ ಮಲಗಿದ್ದವನಿಗೆ ಕೇಳಿಸದೇ ಇರುತ್ತಾ? ನಿನ್ನೆ ಮೊನ್ನೆ ಬಂದವನು ನೀನು. ನಾನು ಈ ಗುಡ್ಡಗಳನ್ನ ನೀನು ಹುಟ್ಟೋಕೆ ಮುಂಚೆಯಿಂದ ಹತ್ತಿದವನು. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಗಿರಾಕಿ ಅಲ್ಲ ನಾನು! ಹುಡುಗ ಬೇಡ ಅಂದ ಅಂತ ಗನ್ ಕೆಳಗಿಡ್ಲಾ? ಇಟ್ಟಿದ್ರೆ ವಿನ್ಸೆಂಟ್ ಬಂದು ಮತ್ತೆ ಹಲ್ಲು ಕಿರೀತಿದ್ದ. ನನ್ನ ಕಣ್ಣಿಗೆ ಜಿಂಕೆ ಕಂಡಿತ್ತು ಕಣೋ. ಜಿಂಕೇನೇ ಕಂಡಿತ್ತು... ದೇವರಾಣೆ.

ಇದನ್ನ ನಾನು ನಿನಗೆ ಹೇಳಿಲ್ಲ. ನೀನು ಕೇಳಿಲ್ಲ. ಪ್ರಶಾಂತ್, ಕಾಲಿಗೆ ಬೀಳ್ತೀನಿ. ನಿನ್ನಪ್ಪನ ವಯಸ್ಸಿನವನು... ಶ್, ಬಂದ್ರು. ಮೆಟ್ಟಿಲಿಳೀತಾ ಇದ್ದಾರೆ. ಕೈಯಲ್ಲೇನದು? ಅವನ ವಾಚು. ಅವನ ಬೂಟು... ಅಯ್ಯೋ. ಅಯ್ಯಯ್ಯೋ, ಹೋಗಿಬಿಟ್ಟನೇನೋ. ಕಣ್ಣೊರೆಸ್ಕೋ. ಜಿಂಕೆ ಅನ್ನು, ಅಷ್ಟೇ ಅನ್ನು, ಮಿಕ್ಕಿದ್ದು ನಾನು ನೋಡ್ಕೋತೀನಿ. ಗಾಜು ಇಳಿಸು.

ಸುಶೀಲಾ... ಸುಶೀಲಾ, ಬನ್ನಿ, ಕೂತ್ಕೊಳ್ಳಿ. ಏನಂತ ಹೇಳಲಮ್ಮ ನಾನು. ನನ್ನ ತಮ್ಮನ ಥರ ಇದ್ದ. ಹೇಗಾಯ್ತು ಅಂತ ಈ ಹುಡುಗನೇ ಹೇಳ್ತಾನೆ, ನೋಡಿದ್ದು ಇವನೇ, ಬೈನಾಕ್ಯುಲರ್ ಇವನ ಕೈಯಲ್ಲೇ ಇತ್ತು. ಹೇಳಪ್ಪಾ. ಪಾಪ, ಹೊಸಬ, ಹೆದರಿಬಿಟ್ಟಿದ್ದಾನೆ... ಹೇಳು ಪ್ರಶಾಂತ್, ಅವರು ಕಾಯ್ತಾ ಇದ್ದಾರೆ. ಹೇಳೋ. ಅವರನ್ನ ನೋಡಿ ಹೇಳು, ನನ್ನ ಮುಖ ಏನು ನೋಡ್ತೀಯಾ?

ಸುಶೀಲಾ, ನೀವ್ಯಾಕಮ್ಮ ನನ್ನನ್ನ ಹಾಗೆ ನೋಡ್ತಿದ್ದೀರಾ?