ಬಾವಿಯ ಆಚೆಯಿಂದ ತೆಗೆದ ಫೋಟೋ

ದೀಪ ಸ್ವಲ್ಪ ಸಣ್ಣ ಮಾಡಿ. ಇದು ಕಟ್ಟುಕತೆಯಲ್ಲ... ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು.

ಅವತ್ತು ಯಾವುದೋ ಬಂಗಲೆಯಲ್ಲಿ ಫೋಟೋ ತೆಗೆದು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಒಬ್ಬನೇ ಬಾವಿ ದಾರಿಯಲ್ಲಿ ಮನೆಗೆ ಬರುತ್ತಿದ್ದ. ಸರಿರಾತ್ರಿ. ಒಂದು ನಾಯಿಯೂ ಬೊಗಳುತ್ತಿರಲಿಲ್ಲ.

ಅವನಿಗೆ ಊರಿಟ್ಟ ಹೆಸರು ನಗಿಸಣ್ಣ. ಸಾಹುಕಾರರು, ಜಡ್ಜುಗಳು, ಅವರ ಹೆಂಡತಿಯರು... ಎಂಥ ಹರಳೆಣ್ಣೆ ಕುಡಿದ ಮುಖವನ್ನೂ ಅರೆಗಳಿಗೆಯಲ್ಲಿ ಅರಳಿಸಿಬಿಡುತ್ತಿದ್ದ. ದೊಡ್ಡ ಮನೆ ಅಂದಮೇಲೆ ಗೋಡೆ ಮೇಲೆ ನಗಿಸಣ್ಣ ತೆಗೆದ ಫೋಟೋ ಇರಲೇಬೇಕು, ಇಲ್ಲದಿದ್ದರೆ ಮರ್ಯಾದೆಗೆ ಕಡಿಮೆ. ಆದರೆ ದೀಪದ ಬುಡದಲ್ಲೇ ಕತ್ತಲು. ಸ್ವಂತ ಹೆಂಡತಿಯದು ಒಂದೂ ಫೋಟೋ ಇರಲಿಲ್ಲ. ಮದುವೆಯ ರೀಲಿಗೆ ಬೆಳಕು ಬಿದ್ದು ಹಾಳಾಗಿತ್ತು. ಆಮೇಲೆ ಅತ್ತಿಗೆ ಕೇಳಿದಾಗೆಲ್ಲ, ಬರೋ ಭಾನುವಾರ ತೆಗೀತೀನಿ ಅಂತಿದ್ದ. ಅಂಥದ್ದೇ ಒಂದು ಭಾನುವಾರ ಅವನು ಬಂಗಲೆಯಲ್ಲಿ ಯಾರನ್ನೋ ನಗಿಸುತ್ತಿದ್ದಾಗ, ಅತ್ತಿಗೆ ನೀರು ಸೇದುತ್ತಾ ಕಾಲು ಜಾರಿ ಇದೇ ಬಾವಿಗೆ ಬಿದ್ದರು.

ಆಮೇಲೆ ಅವನದು ಒಂದೇ ಗೋಳು. ಅವಳ ಮುಖ ಮಾಸಿಹೋಗ್ತಿದೆ. ಮೂಗು ನೆನಪಾದರೆ ಕಣ್ಣು ಮರೆಯುತ್ತಂತೆ.

ಸರಿ... ಬಾವಿ ಹತ್ತಿರ ಬಂತು. ಕಿರ್... ಕಿರ್... ರಾಟೆ ತಿರುಗೋ ಸದ್ದು. ಹಗ್ಗ ಬಿಚ್ಚಿ ಎಷ್ಟೋ ಕಾಲವಾಗಿತ್ತು. ಹಿಂದೆಯೇ ಗಾಜಿನ ಬಳೆ... ಝಿಲ್.

"ಈಗ ಬಿಡುವಾಯ್ತೇನ್ರೀ?" ಪಿಸುದನಿ. ಅವಳದೇ.

ಅವನಿಗೆ ಹೆದರಿಕೆಯಾಗಲಿಲ್ಲ ನೋಡಿ. ಹೆದರೋದಕ್ಕೆ ಜೀವ ಎಲ್ಲಿತ್ತು? "ಒಂದೇ ಒಂದ್ಸಲ ಮುಖ ತೋರಿಸೇ," ಅಂದ.

"ಕತ್ತಲಲ್ಲಿ ಕಾಣ್ತೀನಾ?"

"ಫ್ಲ್ಯಾಶ್ ಇದೆ. ಅಲ್ಲಾಡಬೇಡ."

ಖಟ್. ಬೆಳಕಿಗೆ ಬಾವಿಕಟ್ಟೆ ಕಂಡಿತು, ಕಂಬ ಕಂಡಿತು. ಅವಳು ಇರಲಿಲ್ಲ.

ಎದ್ದೆನೋ ಬಿದ್ದೆನೋ ಅಂತ ಸ್ಟುಡಿಯೋಗೆ ಓಡಿ, ಕತ್ತಲೆಕೋಣೆ ಸೇರಿ ರೀಲು ತೊಳೆದ. ಟ್ರೇಯಲ್ಲಿ ಕಾಗದದ ಮೇಲೆ ಚಿತ್ರ ನಿಧಾನಕ್ಕೆ ಮೂಡಿತು... ಅದರಲ್ಲಿ ಇದ್ದವನು ಅವನೇ. ಬಾವಿಯ ಆಚೆಯಿಂದ ತೆಗೆದದ್ದು. ಅವನ ಕ್ಯಾಮೆರಾ ಅವನ ಎದೆ ಮೇಲೇ ನೇತಾಡುತ್ತಿದೆ. ಕಣ್ಣುಗಳು ಮಾತ್ರ ನೆಟ್ಟಗೆ ಎದುರಿಗೆ ನೋಡುತ್ತಿವೆ.

ಅಲ್ಲಿಂದ ಶುರು. ಆ ಕಣ್ಣಲ್ಲಿ ಎದುರಿಗಿದ್ದವಳು ಕಾಣಲೇಬೇಕಲ್ಲ ಅಂತ ಹಠ ಹಿಡಿದ. ತನ್ನ ಕಣ್ಣನ್ನೇ ದೊಡ್ಡದು ಮಾಡಿ ಪ್ರಿಂಟ್ ಹಾಕಿದ. ಇನ್ನೂ ದೊಡ್ಡದು. ಇನ್ನೂ... ಗೋಡೆ ತುಂಬ ಕಣ್ಣು. ದೊಡ್ಡವರ ಕಾರುಗಳು ಬಾಗಿಲಿಗೆ ಬಂದು, ಹಾರನ್ ಹೊಡೆದು, ತಿರುಗಿ ಹೋದವು. ಅನ್ನ ಬಿಟ್ಟ, ನಿದ್ದೆ ಬಿಟ್ಟ. ಕೊನೆಗೆ ಕರಿ ಬಿಳಿ ಚುಕ್ಕೆ ಬಿಟ್ಟರೆ ಕಾಗದದ ಮೇಲೆ ಏನೂ ಉಳಿಯಲಿಲ್ಲ. ನಾನು ರಟ್ಟೆ ಹಿಡಿದು ಎಬ್ಬಿಸಲು ಹೋದರೆ, "ಇಲ್ಲೇ ಇದ್ದಾಳೆ ಕಣೋ... ಇನ್ನೊಂಚೂರು," ಅಂದ.

ಆ ವಾರ ದಾಟಲಿಲ್ಲ, ಪುಣ್ಯಾತ್ಮ.

ನಂಬಿ, ಬಿಡಿ... ಆದದ್ದು ಆದದ್ದೇ. ಆ ಮೊದಲನೇ ಫೋಟೋ ನಮ್ಮ ಬೀರುವಿನಲ್ಲಿದೆ. ಬಿಸಿಲಿಗೆ ಹಾಕಿ ನೋಡಿದೆ, ಇಸ್ತ್ರಿ ಒತ್ತಿ ನೋಡಿದೆ. ಒಂದು ಮೂಲೆ ಮಾತ್ರ ಒಣಗೋದೇ ಇಲ್ಲ. ಹೆಬ್ಬೆರಳಿನಷ್ಟು ಜಾಗ, ಒದ್ದೆ. ಇವತ್ತು ಸಂಜೆಯೂ ಮುಟ್ಟಿ ನೋಡಿದೆ.