ಗೀಟು ಬಿದ್ದ ಹಾಳೆ

ಕುರಿಗಳ ಉಣ್ಣೆ ಕತ್ತರಿಸುವ ಕಾಲ. ಊರೆಲ್ಲ ಕೊಟ್ಟಿಗೆಗಳಲ್ಲಿತ್ತು; ಅಂಚೆ ಕಚೇರಿಯ ಸಾಲಿನಲ್ಲಿ ನಾವು ಮೂವರೇ. ಮುಂದೆ ಅಚ್ಚಿನ ಚಿತ್ರ ಮಾಡುವ ಲೋರ್ನಾ, ಕೈಯಲ್ಲಿ ರಟ್ಟಿನ ಕೊಳವೆ. ಅವಳ ಹಿಂದೆ ಮುದುಕ ವೆಸ್. ಉಣ್ಣೆ ಮೂಟೆಗಳ ಮೇಲೆ ಅಕ್ಷರ, ಗುರುತು ಬಳಿಯುತ್ತಿದ್ದ ತನ್ನ ಅಪ್ಪನ ಕಾಲದ ಕೊರೆದ ತಗಡುಗಳನ್ನು ಚಿತ್ರಕ್ಕೆ ಮಾದರಿಯಾಗಲೆಂದು ಅವಳಿಗೆ ಕೊಟ್ಟವನು.

"ಅದು ನನ್ನದಾ?"

"ಅಲ್ಲ ವೆಸ್. ಅಡಿಲೇಡಿಗೆ ಹೋಗೋದು. ಹದಿನೈದನೇ ಅಚ್ಚು, ಕೊನೇದು."

"ನಂಗೊಂದು ಕೊಡ್ತೀನಿ ಅಂದಿದ್ದೆ ನೀನು."

"ಅಂದಿದ್ದೆ. ಎಣಿಸೋವಾಗ ನಿಮ್ಮದೇ ಮರೆತುಹೋಯ್ತು. ಮೂರು ದಿನದಿಂದ ನಿದ್ದೆ ಇಲ್ಲ."

"ಇನ್ನೊಂದು ಒತ್ತು, ಮುಗೀತಲ್ಲ."

"ಆಗಲ್ಲ. ಹದಿನೈದೇ ಅಂತ ಎಲ್ಲದರ ಮೇಲೂ ಬರೆದಿದೀನಿ. ಮತ್ತೆ ಒತ್ತಬಾರದು ಅಂತ ಚಿತ್ರ ಕೆತ್ತಿದ ಹಲಗೆಗೇ ಉಳಿಯಲ್ಲಿ ಗೀಟೆಳೆದುಬಿಟ್ಟೆ."

"ಅವರಿಗೆ ಕೊಟ್ಟ ಮಾತು ಮಾತು. ನನಗೆ ಕೊಟ್ಟಿದ್ದು?"

ಲೋರ್ನಾ ಕೊಳವೆಯನ್ನು ಕೈ ಬದಲಿಸಿದಳು.

"ಗೀಟೆಳೆದ ಮೇಲೆ ಒಂದು ಒತ್ತಿದೀನಿ, ಹಲಗೆ ಕೆಟ್ಟಿದೆ ಅಂತ ತೋರಿಸೋಕೆ. ವ್ಯಾನಲ್ಲಿದೆ. ನಿಮಗೆ ಅದನ್ನ ಕೊಡೋಕೆ ನಾಚಿಕೆ."

"ನಮ್ಮಪ್ಪನ ಗುರುತು ಕಾಣತ್ತಾ?"

"ಕಾಣತ್ತೆ. ಗೀಟು ಅದರ ಮೇಲೇ ಹೋಗಿದೆ."



"ಕುರಿಗಳನ್ನೆಲ್ಲ ಮಾರಿದ ದಿನ, ಗುರುತು ಬಳಿದು ಉಳಿದಿದ್ದ ಖಾಲಿ ಚೀಲಗಳ ಮೇಲೆ ನಾನೂ ಹಾಗೇ ಗೀಟೆಳೆದೆ. ನಮ್ಮ ಗುರುತಲ್ಲಿ ಬೇರೆಯವರು ಉಣ್ಣೆ ಕಳಿಸಬಾರದು ಅಂತ. ಅದನ್ನೇ ಕೊಡು. ಸಹಿ ಹಾಕಿದೀಯಾ?"

"ಇಲ್ಲ."

"ಮತ್ತೆ? ಹಾಕಿ ಕೊಡು."

ಲೋರ್ನಾ ಕೊಳವೆಯನ್ನು ಕಿಟಕಿಯಲ್ಲಿ ಕೊಟ್ಟು, ತಿರುಗಿ ನನ್ನ ಹತ್ತಿರ ಪೆನ್ಸಿಲ್ ಕೇಳಿದಳು. ವೆಸ್ ಬಂದ ಕೆಲಸ ಬಿಟ್ಟು ಅವಳ ಹಿಂದೆ ವ್ಯಾನಿನತ್ತ ನಡೆದ. ಪೆನ್ಸಿಲ್ ಇನ್ನೂ ವಾಪಸು ಬಂದಿಲ್ಲ.